ಯೋಬಪ್ಪನ ಪ್ರಾರ್ಥನೆಯ ಕೋಣೆ

ಯೋಬಪ್ಪ ಕ್ರೈಸ್ತನಾಗಿ ಒಂಬತ್ತು ವರ್ಷ ಕಳೆದಿದ್ದರೂ ದೇವರ ಹತ್ತಿರ ಒಂದೇ ಒಂದು ಸ್ವಂತ ಮಾತು ಆಡಿರಲಿಲ್ಲ. ಕಲಿಸಿಕೊಟ್ಟ ಪ್ರಾರ್ಥನೆಯನ್ನು ಗಿಳಿಯಂತೆ ಒಪ್ಪಿಸುತ್ತಿದ್ದ. ಅದು ಮುಗಿದರೆ ಬಾಯಿಗೆ ಬೀಗ. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಬಡಿಗನಾಗಿದ್ದ ಈ ಮನುಷ್ಯ ಮೇಸ್ತ್ರಿಯ ಜೊತೆ ತಾಸುಗಟ್ಟಲೆ ವಾದ ಮಾಡಬಲ್ಲ, ಸಂತೆಯಲ್ಲಿ ಬದನೆಕಾಯಿಯವಳ ಜೀವ ಹಿಂಡಬಲ್ಲ. ದೇವರೆದುರು ಮಾತ್ರ ಮೂಕ. ಅದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

ಅವರ ಸಭೆಯಲ್ಲಿ ಪ್ರತಿ ಭಾನುವಾರ ಒಬ್ಬೊಬ್ಬ ಗಂಡಸು ಸರದಿಯಂತೆ ಎದ್ದು ನಿಂತು ಸ್ವಂತ ಮಾತಿನಲ್ಲಿ ಪ್ರಾರ್ಥಿಸಬೇಕಿತ್ತು. ಯೋಬಪ್ಪನ ಸರದಿ ಬಂದಾಗಲೆಲ್ಲ ಅವನಿಗೆ ಕೆಮ್ಮು ಬರುತ್ತಿತ್ತು, ಇಲ್ಲವೆ ಊರಲ್ಲಿ ಯಾರಾದರೂ ಸಾಯುತ್ತಿದ್ದರು. ಇದ್ದೊಬ್ಬ ಸೋದರಮಾವ ಮೂರು ಸಲ ಸತ್ತ ಮೇಲೆ ಉಪದೇಶಿ ಮಹಾದೇವಪ್ಪನವರು ಅವನನ್ನು ತಡೆದು ನಿಲ್ಲಿಸಿದರು.

“ಮುಂದಿನ ತಿಂಗಳ ಮೊದಲನೇ ಐತವಾರ ನಿನ್ನ ಸರದಿ. ಸಾಯೋರು ಯಾರರ ಉಳದಿದ್ರ ಈಗ ಹೇಳು,” ಎಂದರು. ಆಮೇಲೆ ಮೆತ್ತಗಾಗಿ, “ದಿನಾ ನಸಕಿನ್ಯಾಗ ಒಂದೀಟು ಹೊತ್ತು, ಒಂದೀಟು ಜಾಗಾ ದೇವರಿಗೆ ತೆರವು ಮಾಡಿಕೊಡೋ. ಮಾತು ತಾವಽ ಬರ್ತಾವ,” ಎಂದರು.

ಬಡಿಗನಿಗೆ ಜಾಗ ಎಂದರೆ ಅಳತೆ. ಕಮರಿಪೇಟೆಯ ಅವನ ಎರಡು ಅಂಕಣದ ಮನೆಯಲ್ಲಿ ಒಲೆಯ ಪಕ್ಕದ ಮೂಲೆ ನಾಲ್ಕು ಮೊಳ ಉದ್ದ, ಮೂರು ಮೊಳ ಅಗಲ. ಅಲ್ಲಿ ಹೆಂಡತಿ ರೇಣವ್ವನ ಬೀಸುಕಲ್ಲು ಇತ್ತು. ಅದನ್ನು ಪಕ್ಕದ ಮನೆಯ ಲಾಲಬಿಯ ಪಡಸಾಲೆಗೆ ಉರುಳಿಸಿದ. ಹಲಗೆ ಹೊಡೆದು ಗೋಡೆ ಎಬ್ಬಿಸಿದ, ಬಾಗಿಲಿಟ್ಟ, ಒಳಗಿನಿಂದ ಅಗಳಿಯನ್ನೂ ಜಡಿದ.

“ನಾ ಎಲ್ಲಿ ಬೀಸ್ಲಿ?” ಎಂದಳು ರೇಣವ್ವ.

“ನಿನ್ನ ಜ್ವಾಳಾ ದೊಡ್ಡದೋ, ದೇವರು ದೊಡ್ಡವನೋ?”

ರೇಣವ್ವ ಜೋಳದ ಬುಟ್ಟಿ ಹೊತ್ತು ಲಾಲಬಿಯ ಮನೆಗೆ ನಡೆದಳು.

ಮೊದಲ ದಿನ ಯೋಬಪ್ಪ ಅಗಳಿ ಹಾಕಿ ಮೊಣಕಾಲೂರಿ, “ಸ್ವಾಮೀ” ಎಂದ. ಮುಂದಿನದು ಹೊಳೆಯಲಿಲ್ಲ. ಹಣೆಯನ್ನು ಗೋಡೆಗೆ ಆನಿಸಿ ಯೋಚಿಸಿದ. ಎಚ್ಚರವಾದಾಗ ಕಾರ್ಖಾನೆಯ ಭೋಂಗಾ ಕೂಗುತ್ತಿತ್ತು. ಎರಡನೆಯ ದಿನವೂ ಅಷ್ಟೇ. ಮೂರನೆಯ ದಿನದಿಂದ ದಿಂಬೂ ಒಳಗೆ ಹೋಯಿತು.

ಓಣಿಯಲ್ಲಿ ಮಾತ್ರ ಬೇರೆಯೇ ಸುದ್ದಿ. ಯೋಬಪ್ಪ ತಾಸುಗಟ್ಟಲೆ ದೇವರೊಡನೆ ಇರುತ್ತಾನಂತೆ, ಹೊರಬಂದಾಗ ಕಣ್ಣು ಕೆಂಪಗಿರುತ್ತವಂತೆ! ಉಪದೇಶಿಗಳು ಬಂದು ಬೆನ್ನು ತಟ್ಟಿದರು. ಹಾಲು ಮಾರುವ ಹುಲಿಗೆವ್ವ ತನ್ನ ಎಮ್ಮೆಯ ಪರವಾಗಿ ನಾಲ್ಕು ಮಾತು ಹೇಳಬೇಕೆಂದು ಕೈಮುಗಿದಳು. ಹಾಳು ಎಮ್ಮೆ ಮರುದಿನವೇ ಎರಡು ಸೇರು ಹೆಚ್ಚು ಕರೆಯಿತು. ಯೋಬಪ್ಪನಿಗೆ ನಾಚಿಕೆಯಾಯಿತು ನಿಜ, ಆದರೆ ಹೊಗಳಿಕೆ ಯಾರಿಗೆ ಬೇಡ?

ಸರದಿಯ ಹಿಂದಿನ ದಿನ ನಸುಕಿನಲ್ಲಿ ಹೆದರಿಕೆಗೆ ನಿದ್ದೆಯೂ ಹತ್ತಲಿಲ್ಲ. ನಾಳೆ ಗಂಡನಿಗೆ ಹೊಟ್ಟೆನೋವು ಎಂದು ರೇಣವ್ವನ ಬಾಯಿಂದಲೇ ಹೇಳಿಸಿದರಾಯಿತು ಎಂದುಕೊಂಡು ಲಾಲಬಿಯ ಬಾಗಿಲಿಗೆ ಹೋದ. ಒಳಗೆ ಇಬ್ಬರೂ ಎದುರುಬದುರು ಕೂತು ಒಂದೇ ಗೂಟಕ್ಕೆ ಕೈಹಚ್ಚಿ ಬೀಸುತ್ತಿದ್ದರು. ಬೀಸುವ ಹಾಡಿನ ಧಾಟಿಯಲ್ಲೇ ರೇಣವ್ವ ದೇವರೊಡನೆ ಮಾತಾಡುತ್ತಿದ್ದಳು. ಲಾಲಬಿಯ ಮಗಳ ಜ್ವರ, ಉಪದೇಶಿಗಳ ಮೊಣಕಾಲು ನೋವು, ಎಲ್ಲವೂ ಬಂದವು.

“ಸ್ವಾಮೀ, ನಮ್ಮ ಮನಿಯವರು ಅಗಳಿ ಹಾಕ್ಕೊಂಡು ಮಲಗ್ಯಾರ. ದಿನಾ ಗೊರಕಿ ನನಗ ಕೇಳಸ್ತೈತಿ, ನಿನಗ ಕೇಳಸೂದಿಲ್ಲೇನು? ಸಿಟ್ಟಾಗಬ್ಯಾಡ. ಕಟಗಿ ಕೊರದು ಕೊರದು ದಣದಿರ್ತಾರ. ಮಲಗಿದಲ್ಲೇ ತಲಿ ಸವರು. ನಾಳಿಗೆ ಅವರಿಗೆ ಒಂದು ಮಾತು ಕೊಡು. ಒಂದಽ ಸಾಕು.”

“ಆಮೀನ್,” ಎಂದಳು ಲಾಲಬಿ, ಕಲ್ಲಿಗೆ ಕಾಳು ಹಾಕುತ್ತ.

ಯೋಬಪ್ಪ ಬಂದ ಕಾಲಲ್ಲೇ ಹಿಂತಿರುಗಿದ. ಕೋಣೆಯೊಳಗೆ ಹೋಗಲು ಮನಸ್ಸಾಗಲಿಲ್ಲ. ಎಲ್ಲ ಗೊತ್ತಿದ್ದೂ ಓಣಿಯ ಮುಂದೆ ಮಾನ ಕಳೆಯದೆ, ದಿನಾ ತನ್ನ ಪಾಲಿನ ಪ್ರಾರ್ಥನೆಯನ್ನೂ ಅವಳೇ ಮಾಡಿದ್ದಳಲ್ಲ! ಹೊಸ್ತಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ.

ಭಾನುವಾರ ಎದ್ದು ನಿಂತ. ಕೆಮ್ಮು ಬರಲಿಲ್ಲ.

“ಸ್ವಾಮೀ, ನಿನ್ನ ಹೆಸರ್ಲೆ ಮೂರು ವಾರ ನಿದ್ದಿ ಮಾಡೇನಿ,” ಎಂದ. ಸಭೆಯಲ್ಲಿ ಕಿಸಕ್ಕನೆ ನಗು ಎದ್ದಿತು. ಉಪದೇಶಿಗಳು ಕಣ್ಣು ತೆರೆದರು. “ಈಕೀ ಕಲ್ಲು ಹೊರಗ ಹಾಕಿ ನಿನಗ ಜಾಗಾ ಮಾಡೇನಂತ ತಿಳದಿದ್ದೆ. ನೀ ಆ ಕಲ್ಲಿನ ಸಂಗಾಟಽ ಹೊರಗ ಹೋಗಿದ್ದಿ. ಇವತ್ತ ಅದನ್ನ ಮನೀಗೆ ತರ್ತೇನಿ.”

“ಇವತ್ತ ಐತವಾರರೀ! ಕೆಲಸಾ ಮಾಡಬಾರದು,” ಎಂದು ಹೆಂಗಸರ ಕಡೆಯಿಂದ ರೇಣವ್ವ ಕೂಗಿದಳು.

“ಕಲ್ಲು ನಾಳೆ ತರ್ತೇನಿ ಸ್ವಾಮೀ,” ಎಂದ ಯೋಬಪ್ಪ. “ನೀ ಇವತ್ತಽ ಬಾ.”