ಬೀಜಕ್ಕೆ ಬಿಟ್ಟ ಬದನೆಕಾಯಿ

"ಅಜ್ಜಿ, ಭಾನುವಾರದವರೆಗೆ ನೋಡೋಣ. ಅಷ್ಟರಲ್ಲಿ ಹುಳ ಕಮ್ಮಿ ಆಗ್ಲಿಲ್ಲ ಅಂದ್ರೆ ಗಿಡ ಕಿತ್ತಾಕೋಣ. ಬೇಜಾರ್ ಮಾಡ್ಕೋಬೇಡಿ," ಅಂದಳು ಕುಬ್ರಾ.

ನಾನು ಹೂಂ ಅಂದೆ. ಅವಳ ಮಾತಲ್ಲಿ ತಪ್ಪೇನೂ ಇರಲಿಲ್ಲ. ಯಲಹಂಕ ಹಳೇ ಊರಿನ ಈ ಮನೆಯಲ್ಲಿ ಕೆಳಗೆ ನಾನು, ಮೇಲೆ ಅವಳು, ತಾರಸಿ ಇಬ್ಬರದೂ. ಅವಳ ಮೆಣಸಿನ ಗಿಡ ಒಂದು ಸಾಲು, ನನ್ನದು ಪೇಂಟ್ ಡಬ್ಬದಲ್ಲಿ ಒಂದೇ ಒಂದು ಬದನೆ. ಆ ಒಂದರಿಂದಲೇ ಹಿಟ್ಟು ಚೆಲ್ಲಿದಂಥ ಬಿಳಿ ಹುಳ ಅವಳ ಸಾಲಿನ ಮೊದಲ ಗಿಡಕ್ಕೆ ಹತ್ತಿತ್ತು.

ಆದರೆ ನನ್ನ ಗಿಡದಲ್ಲಿ ಬೀಜಕ್ಕೆ ಅಂತ ಬಿಟ್ಟ ಕಾಯಿ ಒಂದಿತ್ತು. ಸೋಲದೇವನಹಳ್ಳಿಯ ನನ್ನ ತವರಿನ ಬದನೆ ಅದು. ಗುಂಡಗೆ, ಹಸಿರು ಮೈಗೆ ಬಿಳಿ ಗೀರು. ಅವ್ವ ಬೀಜವನ್ನು ಬೂದಿಯಲ್ಲಿ ಕಲಸಿ, ಬೆರಣಿಗೆ ಮೆತ್ತಿ ಒಣಗಿಸಿ ಕೊಡುತ್ತಿದ್ದಳು. ಈ ಸಲ ನಾನು ಹಾಕಿದ ಕೊನೇ ಬೀಜಗಳಲ್ಲಿ ಮೊಳೆತದ್ದು ಒಂದೇ. ಕಾಯಿ ಹಳದಿ ತಿರುಗುವವರೆಗೆ ಗಿಡ ನಿಲ್ಲದಿದ್ದರೆ ಆ ತಳಿ ಅಲ್ಲಿಗೆ ಮುಗೀತು. ತವರಿನ ಹೊಲದಲ್ಲಿ ಈಗ ಹಾಸ್ಟೆಲ್ ಎದ್ದಿದೆ, ಯಾರನ್ನು ಕೇಳಲಿ?

ಏಪ್ರಿಲ್ ತಿಂಗಳು. ಬೆಳಗ್ಗೆ ಹನ್ನೊಂದಕ್ಕೆಲ್ಲ ಟ್ಯಾಂಕಿನ ನೀರು ಕೈ ಸುಡುತ್ತಿತ್ತು. ಹಳೇ ಸೀರೆ ಕಟ್ಟಿ ನೆರಳು ಮಾಡಿದೆ. ಬೇವಿನೆಣ್ಣೆ ಬಳಿದೆ; ಬಿಸಿಲಿಗೆ ಎಲೆಯೇ ಸುಟ್ಟಿತು, ಬಿಟ್ಟೆ. ದಿನಾ ಒದ್ದೆ ಬಟ್ಟೆಯಲ್ಲಿ ಹುಳ ಒರೆಸಿದೆ, ದಪ್ಪದವನ್ನು ಮೊದಲು ಹುಡುಕಿ ಹುಡುಕಿ. ಒರೆಸಿದಷ್ಟೂ ಹೆಚ್ಚಿದವು.

ಗುರುವಾರ ಬೆಳಗ್ಗೆ ಅನ್ನಿಸಿತು, ಇಷ್ಟು ದಿನ ಬೈದದ್ದೇ ಆಯಿತು, ಸರಿಯಾಗಿ ನೋಡಲೇ ಇಲ್ಲವಲ್ಲ. ಕುಬ್ರಾ ಬಟ್ಟೆ ಹೊಲಿಯುವವಳು. ಜರಿ ಕೆಲಸಕ್ಕೆ ಅವಳು ಇಟ್ಟುಕೊಂಡ ಭೂತಗನ್ನಡಿ ಕೇಳಿದೆ.

"ಏನಜ್ಜಿ, ಹುಳಕ್ಕೆ ಬ್ಲೌಸ್ ಹೊಲಿಸ್ತೀರಾ?"

"ಅಳತೆ ನಾನ್ ತಗೋತೀನಿ, ಹೊಲಿಗೆ ನಿಂದೇ ಕಣಮ್ಮ."

ನಲವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳು ನಾನು. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದುವುದು ಇನ್ನೂ ಬಿಟ್ಟಿಲ್ಲ. ಎಲೆಗಳನ್ನೂ ಹಾಗೇ ನೋಡಿದೆ.

ಸಣ್ಣ ಹುಳಗಳ ಸುತ್ತ ಇರುವೆ. ಮೀಸೆಯಲ್ಲಿ ಹುಳವನ್ನು ಮೆಲ್ಲಗೆ ಸವರುತ್ತವೆ, ಹುಳದಿಂದ ಒಂದು ಹನಿ ಬರುತ್ತದೆ, ಕುಡಿಯುತ್ತವೆ. ಥೇಟ್ ಹಸುವಿನ ಹಾಲು ಕರೆದ ಹಾಗೆ! ಆದರೆ ಜಡೆಜಡೆಯಾಗಿ ಬಿಳಿ ಎಳೆ ಬಿಟ್ಟ ದಪ್ಪ ಹುಳ ಬಂದರೆ ಅದೇ ಇರುವೆಗಳು ಕಚ್ಚಿ ಅಟ್ಟುತ್ತಿದ್ದವು. ಎಲ್ಲವೂ ಒಂದೇ ಜಾತಿಯಾದರೆ ಇವಕ್ಕೆ ಯಾಕೆ ಒದೆ?

ಸೊಂಟ ನೋಯುವವರೆಗೆ ಕೂತೆ. ಇರುವೆ ಇಲ್ಲದ ಎಲೆಯ ಹಿಂದೆ ಕೊನೆಗೂ ಕಂಡಿತು. ದಪ್ಪದ್ದು ಸಣ್ಣದನ್ನು ತಿನ್ನುತ್ತಿತ್ತು.

ನಾನು ದಿನಾ ಹುಡುಕಿ ಕೊಂದದ್ದು ಇವನ್ನೇ.

ಇರುವೆ ಸಾಲಿನ ಜತೆ ಬೆರಳು ಇಳಿಸುತ್ತಾ ಹೋದೆ. ಕಾಂಡ, ಡಬ್ಬ, ನೆಲ, ಆಮೇಲೆ ನನ್ನದೇ ರಂಗೋಲಿ. ತವರಿನ ಗಿಡ ಅಂತ ಯುಗಾದಿಯಿಂದ ದಿನಾ ಡಬ್ಬದ ಸುತ್ತ ಅಕ್ಕಿ ಹಿಟ್ಟಿನ ರಂಗೋಲಿ ಇಡುತ್ತಿದ್ದೆ. ಆ ಹಿಟ್ಟು ಇರುವೆಯ ಹೊಟ್ಟೆ ಸೇರಿದರೆ ಪುಣ್ಯ ಅಂತ ಅವ್ವ ಹೇಳಿಕೊಟ್ಟದ್ದು.

ಕುಬ್ರಾನ ಕೂಗಿ ತೋರಿಸಿದೆ. ಅವಳು ನಕ್ಕು ನಕ್ಕು ಅಲ್ಲೇ ಕುಸಿದಳು. "ಅಯ್ಯೋ ಅಜ್ಜಿ! ಊಟ ಹಾಕಿ ಹುಳಕ್ಕೆ ವಾಚ್‌ಮನ್ ಇಟ್ಟಿದ್ದೀರಲ್ಲ!"

"ನಗು, ನಗು. ಭಾನುವಾರ ಅಂತ ಅಂದಿದ್ದೀಯ, ಇನ್ನೂ ಮೂರು ದಿನ ಐತೆ."

ರಂಗೋಲಿಯನ್ನು ಮೆಟ್ಟಿಲ ಬಾಗಿಲಿಗೆ ಒಯ್ದೆ. ಇರುವೆಗೆ ಊಟ ತಪ್ಪಿಸಲು ಮನಸ್ಸು ಬರಲಿಲ್ಲ. ನೀರಿನ ಬೇಸನ್ನಿನಲ್ಲಿ ಇಟ್ಟಿಗೆ ಇಟ್ಟು ಅದರ ಮೇಲೆ ಡಬ್ಬ ಏರಿಸಿದೆ. ಶುಕ್ರವಾರ ನೋಡಿದರೆ ಮತ್ತೆ ಇರುವೆ! ನೆರಳಿನ ಸೀರೆಯ ಸೆರಗು ಎಲೆಗೆ ತಾಗಿತ್ತು, ಅದೇ ಸೇತುವೆ. ಸೆರಗು ಎತ್ತಿ ಕಟ್ಟಿದೆ. ದಪ್ಪದವನ್ನು ಮುಟ್ಟಲಿಲ್ಲ.

ಭಾನುವಾರ ಕುಬ್ರಾ ಗೋಣಿಚೀಲ ಹಿಡಿದೇ ಬಂದಳು. ಕನ್ನಡಿ ಇಸಿದುಕೊಂಡು ಎಲೆ ಎಲೆ ತಿರುಗಿಸಿದಳು.

"ಪೂರ್ತಿ ಹೋಗಿಲ್ಲ."

"ಇಲ್ಲ ಕಣಮ್ಮ, ಹೋಗಿಲ್ಲ."

"ಆದ್ರೆ ಮೇಲಿನ ನಾಲ್ಕು ಎಲೆ ಕ್ಲೀನಾಗಿದೆ." ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಚೀಲ ಮಡಿಸಿ ಕಂಕುಳಲ್ಲಿಟ್ಟಳು. "ಈ ದಪ್ಪಣ್ಣಂದಿರಲ್ಲಿ ಒಂದಿಬ್ರನ್ನ ನನ್ ಮೆಣಸಿನ ಗಿಡಕ್ಕೂ ಕಳ್ಸಿ ಮತ್ತೆ."

ಎರಡು ಹುಳ ಇದ್ದ ಒಂದು ಎಲೆ ಕತ್ತರಿಸಿ ಅವಳ ಗಿಡದ ಕವಲಲ್ಲಿ ಸಿಕ್ಕಿಸಿದೆ. ನನ್ನ ಕಾಯಿಯ ಬುಡದಲ್ಲಿ ಉಗುರಿನಷ್ಟು ಹಳದಿ ಬಂದಿತ್ತು.

"ಬೀಜದಲ್ಲಿ ಅರ್ಧ ನಿಂಗೆ," ಅಂದೆ. "ಬೂದೀಲಿ ಕಲಸಿ ಇಡ್ಬೇಕು."

"ನಿಮ್ಮನೇಲೂ ಗ್ಯಾಸು, ನಮ್ಮನೇಲೂ ಗ್ಯಾಸು. ಬೂದಿ ಎಲ್ಲಿಂದ ತರೋದಜ್ಜಿ?" ಅವಳ ಕಣ್ಣು ಕನ್ನಡಿಯಿಂದ ಏಳಲೇ ಇಲ್ಲ. "ಈ ದಪ್ಪ ಹುಳ ಹಿಂಗೇ ಇರ್ತವಾ? ದೊಡ್ಡದಾದ್ರೆ ಏನಾಗ್ತವೆ?"

"ಗೊತ್ತಿಲ್ಲ. ಅದಕ್ಕೇ ಆ ಕನ್ನಡಿ ಇನ್ನೊಂದು ವಾರ ನನ್ ಹತ್ರಾನೇ ಇರ್ಲಿ," ಅಂತ ಕೈ ಚಾಚಿದೆ.