ಅರಮನೆಯ ಪಡದೆ

"ಬಿಚ್ಚರಿ ಅದನ್ನ! ನನ್ನ ಗಂಡನ ಬೆನ್ನಿಗೆ ಆ ಹೆಸರು ಬ್ಯಾಡ," ಎಂದು ಹಾಲವ್ವ ಪಡದೆಯ ಹಗ್ಗಕ್ಕೆ ಕೈ ಹಾಕಿದಳು.

ಗೋಡೆಗೆ ಒರಗಿಸಿ ಕೂರಿಸಿದ್ದ ಅಜ್ಜಪ್ಪನ ಹೆಣದ ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ. ಹೆಣಕ್ಕೆ ನೀರು ಹಾಕಿ ಬಂದ ಅವಳ ಸೆರಗು ತೊಟ್ಟಿಕ್ಕುತ್ತಿತ್ತು. ಹಿರೇಕೆರೂರಿನ ನಾಟಕ ಸಂಘದ ಯಜಮಾನ ಚನ್ನವೀರಪ್ಪ ಹೆಣದ ಹಿಂದೆ ನಾಟಕದ ಅರಮನೆಯ ಪಡದೆ ಕಟ್ಟಿಸಿದ್ದ. ಕಂಬ, ಕಮಾನು, ಕಮಾನಿನಾಚೆ ಕೌರವರ ಹಸ್ತಿನಾವತಿಗೂ ಇಲ್ಲೇ ಪಕ್ಕದ ಮಾಸೂರಿನ ಕೆರೆ. ಎಲ್ಲ ಅಜ್ಜಪ್ಪನ ಕೈಕೆಲಸ. ಕೆಳಗೆ ಮಾತ್ರ ದಪ್ಪ ಕೆಂಪು ಅಕ್ಷರದಲ್ಲಿ 'ಚನ್ನವೀರಪ್ಪನವರ ಸೇವೆ' ಎಂದಿತ್ತು.

"ಊರು ನೋಡಾಕತ್ತೈತಿ, ಹಾಲವ್ವ. ಇದು ಅವಗ ನಾವು ಮಾಡೋ ಮರ್ಯಾದಿ," ಎಂದ ಚನ್ನವೀರಪ್ಪ.

"ಸತ್ತ ಎಮ್ಮಿಗೆ ಹತ್ತು ಸೇರು ಹಾಲೇನ್ರಿ? ಅವರ ಹೆಸರು ಅಳಿಸಿದವರು ನೀವು!"

"ನಾ ಅಳಿಸಿಲ್ಲ. ತನ್ನ ಕೈಯಾರೆ ಅವನೇ ಬರದಾನ. ಖಲಂದರನ್ನ ಕೇಳು."

ಸಂಘದಲ್ಲಿ ತಬಲಾ ಬಾರಿಸುವ ಖಲಂದರ ಹೌದೆಂಬಂತೆ ತಲೆ ತಗ್ಗಿಸಿದ. ಹಾಲವ್ವ ಹಗ್ಗ ಬಿಟ್ಟಳು. ಸುಡುಗಾಡು, ಆ ಮಾತು ನಿಜವಾಗಿತ್ತು.

* * *

ಎರಡು ವರ್ಷದ ಹಿಂದೆ, ಆಟದ ದಿನ ಬೆಳಿಗ್ಗೆ, ಪಡದೆಯ ಕೆಳ ಅಂಚಿನಲ್ಲಿ ಎಣ್ಣೆಬಣ್ಣದ 'ಅಜ್ಜಪ್ಪ' ಕಂಡು ಚನ್ನವೀರಪ್ಪ ಕೆಂಡವಾಗಿದ್ದ.

"ಅರಿವಿ ನಂದು, ಹೆಸರು ನಿಂದ? ಅದನ್ನ ಮುಚ್ಚಿ ನನ್ನ ಹೆಸರು ಬರಿ."

ಬಣ್ಣದ ಪುಡಿ ಅರಿವೆಗೆ ಕಚ್ಚಲೆಂದು ಅಜ್ಜಪ್ಪ ಯಾವಾಗಲೂ ಸರೇಸಿನ ಅಂಟು ಕಾಸಿ ಬೆರೆಸುತ್ತಿದ್ದ. ಆ ನಾತಕ್ಕೆ ಮೂಗು ಮುಚ್ಚಿಕೊಂಡೇ ಹಾಲವ್ವ ಅಡುಗೆ ಮಾಡಿದವಳು. ಅವತ್ತು ಅವನು ಕೆಂಪು ಪುಡಿ ಕಲಸಲು ಒಲೆಯ ಮೇಲಿನ ಅನ್ನದ ಗಂಜಿ ಬಸಿದುಕೊಂಡ.

"ಸರೇಸು ಹಾಕೂದಿಲ್ಲೇನ್ರಿ?"

"ಇದಕ್ಕ ಗಂಜಿ ಸಾಕು."

"ಹೇಡಿ ನೀವು," ಎಂದಿದ್ದಳು. ಆ ಆಟವಾದ ಮೇಲೆ ಯುದ್ಧ ಬಂದು ಸಂಘದ ನಾಟಕಗಳು ನಿಂತವು, ಪಡದೆ ಚನ್ನವೀರಪ್ಪನ ಅಟ್ಟ ಸೇರಿತು. ಹಾಲವ್ವ ಗಂಡನ ಮುಂದೆ ತಾಟು ಕುಕ್ಕಿದಳೇ ಹೊರತು ಮತ್ತೆ ನೆಟ್ಟಗೆ ಮಾತಾಡಿಸಲಿಲ್ಲ.

* * *

"ಸಾಕು, ಸರಿ ಆ ಕಡೆ," ಎಂದು ಚನ್ನವೀರಪ್ಪ ಗದರಿದ.

ಹಾಲವ್ವ ಮತ್ತೆ ಪಡದೆಗೆ ಕೈ ಹಾಕಿದಳು. ಹಗ್ಗದ ಗಂಟು ಬಿಚ್ಚಲಾಗದ ಸಿಟ್ಟಿಗೆ, ಒದ್ದೆ ಸೆರಗಿನಿಂದ ಆ ಹೆಸರನ್ನೇ ಗಸಗಸ ತಿಕ್ಕಿದಳು. 'ಚನ್ನ' ಕಲಸಿಹೋಯಿತು. 'ವೀರಪ್ಪ' ಕೆಂಪು ನೀರಾಗಿ ಇಳಿಯಿತು. ಅವಳು ತಿಕ್ಕುತ್ತಲೇ ಇದ್ದಳು. ಅಡಿಯಲ್ಲಿ, ಕೂದಲೆಳೆಯಷ್ಟೂ ಮಾಸದೆ, 'ಅಜ್ಜಪ್ಪ' ಎದ್ದು ಬಂತು.

"ಯವ್ವಾ, ಗಂಜಿ... ನೀರು ತಾಗಿದ್ರ ಹೋಗ್ಲಿ ಅಂತ..." ಎಂದಳು. ಹೆಣದ ಮುಂದೆ ಕುಸಿದು ಕುಂತಳು. "ನನಗರ ಒಂದು ಮಾತು ಹೇಳಬಾರದಿತ್ತೇನ್ರಿ?"

ಹೊರುವವರು ಬಂದರು. ಅವಳು ಸೆರಗು ಹಿಂಡಿಕೊಳ್ಳಲಿಲ್ಲ. ಅದರಿಂದಿಳಿದ ಕೆಂಪು ನೀರು ನೆಲದ ಮೇಲೆ ಸಣ್ಣಗೆ ಹರಿದು ಚನ್ನವೀರಪ್ಪನ ಕಡೆಗೆ ಹೋಯಿತು. ಅವನು ಬಿಳಿ ಧೋತರ ಎತ್ತಿ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದ.