ಅಣ್ಣನ ತೂಕದ ಬೈಕು

"ಕೈ ತೆಗಿ! ಬೈಕು ನಂದು, ಕೈ ತೆಗಿ ಅಂದೆ!"

"ನಿಂದಲ್ಲ ಅಂತ ಯಾರಂದ್ರು? ಇದನ್ನ ಜೋಡಿಸಿದ ಕೈ ಯಾರದು? ನಿಮ್ಮಜ್ಜಂದಾ?"

"ನಮ್ಮಜ್ಜನೂ ನಿಮ್ಮಜ್ಜನೂ ಒಬ್ಬನೇ ಕಣೋ, ಮುಠ್ಠಾಳ!"

ಬೈಕ್ ಅಂಗಡಿಯ ಬಾಗಿಲಲ್ಲಿ ಕಾಫಿ ಹೀರುತ್ತ ನಿಂತಿದ್ದ ಗಿರಾಕಿ ನಜಾರಿಯೊನಿಗೆ ನಗು ತಡೆಯಲಾಗದೆ ಕಾಫಿ ಮೂಗಿಗೆ ಏರಿತು. ಬೈಕೆಂದರೆ ಬೆಟ್ಟ ಹತ್ತಿಳಿಯುವ ಸೈಕಲ್ಲು. ಹಸಿರು ಬಣ್ಣದ ಅದರ ಹಿಂದಿನ ಚಕ್ರವನ್ನು ಅಣ್ಣ ಆಂಪೇಲಿಯೊ ಹಿಡಿದಿದ್ದ, ಹ್ಯಾಂಡಲನ್ನು ತಂಗಿ ಡೆಲ್ಫೀನಾ ಹಿಡಿದಿದ್ದಳು. ಇಬ್ಬರಿಗೂ ಕೋಪ ಮೂಗಿನ ತುದಿಯಲ್ಲೇ. ಬೊರ್ಗೊಸ್ಪಿನಾ ಎಂಬ ಆ ಕಡಲೂರಿನಲ್ಲಿ ಅವರ ಜಗಳ ಕೇಳಿದರೆ ಜನ ಕಿಟಕಿ ಮುಚ್ಚುವುದಿಲ್ಲ, ತೆರೆಯುತ್ತಾರೆ.

"ಶಾಕ್ ಅಬ್ಸಾರ್ಬರಲ್ಲಿ ಗಾಳಿ ಜಾಸ್ತಿ ಆಗಿದೆ ಅಣ್ಣ. ಕಲ್ಲಿನ ಮೇಲೆ ಹೋದ್ರೆ ಮುಂದಿನ ಚಕ್ರ ಆಡಿನ ಮರಿ ಥರ ನೆಗೆಯುತ್ತೆ."

"ಕಲ್ಲಂದ್ರೆ ಗಟ್ಟಿಯಾಗೇ ಇರುತ್ತಮ್ಮ. ನಿನಗೋಸ್ಕರ ಬೆಣ್ಣೆ ಹಾಸೋಕಾಗುತ್ತಾ? ಇಳಿಜಾರಲ್ಲಿ ಬೈಕು ಪೂರ್ತಿ ಕುಸಿದು ತಳ ಬಡೀಬಾರ್ದು. ಅದಕ್ಕೇ ಬಿಗಿ ಮಾಡಿದೀನಿ."

"ನಾಳೆ ಬರೀ ಇಳಿಯೋದಲ್ಲ, ಹತ್ತೋದೂ ಇದೆ. ಒಂದೇ ಬೈಕಲ್ಲಿ."

"ಗೊಣಗು, ಗೊಣಗು. ಬಾಯಿಗೇನು ಬಾಡಿಗೆಯಾ?"

ಆ ಮಾತಿಗೆ ಡೆಲ್ಫೀನಾ ಹ್ಯಾಂಡಲ್ ಕೈಬಿಟ್ಟಳು. ಈ ಕರಾವಳಿಯಲ್ಲಿ ಗೊಣಗುವುದು ಹುಟ್ಟಿನಿಂದ ಬಂದ ಹಕ್ಕು. ಹಿಂದೆ ಹಡಗಿಗೆ ಹೋಗುತ್ತಿದ್ದವರು ಕೂಲಿ ಕಡಿಮೆಯಾದರೂ ಸರಿ, ಗೊಣಗಲು ಬಿಡಬೇಕು ಎಂದು ಕರಾರು ಮಾಡಿಕೊಳ್ಳುತ್ತಿದ್ದರಂತೆ. ಗಾಳಿ ಬೀಸಿದರೆ ಗೊಣಗು, ನಿಂತರೆ ಗೊಣಗು. ಎಲ್ಲರೂ ಎಲ್ಲದಕ್ಕೂ ಗೊಣಗುವ ಊರಿನಲ್ಲಿ ಒಬ್ಬರ ಗೊಣಗಾಟ ಇನ್ನೊಬ್ಬರ ಕಿವಿಗೆ ಬೀಳುವುದಿಲ್ಲ. ನಿಜವಾದ ನೋವನ್ನೂ ಅದೇ ಮೂಟೆಗೆ ಕಟ್ಟಿ ಮೂಲೆಗೆ ಎಸೆಯುತ್ತಾರೆ.

ಮರುದಿನ ಬೆಳಿಗ್ಗೆ ಅವಳಿಗೆ, ಬಂದವರನ್ನು ಬೈಕಿನಲ್ಲಿ ಬೆಟ್ಟ ಸುತ್ತಿಸುವ ಗೈಡ್ ಆಗಲು ಪರೀಕ್ಷೆ. ಪರೀಕ್ಷಕಿಯ ಹಿಂದೆ ಪೆಡಲ್ ತುಳಿದುಕೊಂಡು ಚೆಸ್ಟ್‌ನಟ್ ತೋಪಿನ ನೆತ್ತಿಗೆ ಹತ್ತಬೇಕು, ಅಲ್ಲಿಂದ ಹಳೆಯ ಹೇಸರಗತ್ತೆ ದಾರಿಯ ಕಲ್ಲುಮೆಟ್ಟಿಲುಗಳ ಮೇಲೆ ಇಳಿಯಬೇಕು. ಹೋದ ವಸಂತದ ಪರೀಕ್ಷೆಯಲ್ಲಿ ಅದೇ ಮೆಟ್ಟಿಲುಗಳ ಮೇಲೆ ಬೈಕು ಅವಳನ್ನು ಎತ್ತಿ ಮುಳ್ಳಿನ ಪೊದೆಗೆ ಹಾಕಿತ್ತು. ಇದು ಎರಡನೆಯ ಸಲ. ಮೂರನೆಯದು ಇಲ್ಲ. ಈಗಲೂ ತಪ್ಪಿದರೆ ಮುಂದೆ ಅವಳ ಪಾಲಿಗೆ ಉಳಿಯುವುದು ಅಣ್ಣನ ವ್ಯಾನೊಂದೇ. ಹೊರಗಿನಿಂದ ಬಂದವರನ್ನೂ ಅವರ ಬೈಕುಗಳನ್ನೂ ತುಂಬಿಕೊಂಡು ಬೆಟ್ಟಕ್ಕೆ ಒಯ್ದು ಬಿಡುವುದು, ಅವರು ಹೋ ಎಂದು ಕೂಗುತ್ತ ಇಳಿದುಹೋಗುವುದನ್ನು ನೋಡುವುದು, ಖಾಲಿ ವ್ಯಾನು ಇಳಿಸಿಕೊಂಡು ಬರುವುದು. ವಯಸ್ಸು ನಲವತ್ತು ದಾಟಿತ್ತು. ನೋಡಿ ನೋಡಿ ಸಾಕಾಗಿತ್ತು.

ಮಧ್ಯಾಹ್ನದ ಸರದಿಗೆ ಅವಳು ಬೈಕುಗಳನ್ನು ವ್ಯಾನಿನ ಹಿಂದಿನ ಗಾಡಿಗೆ ಏರಿಸತೊಡಗಿದಳು. ಶನಿವಾರವಾದ್ದರಿಂದ ಪರಊರಿನವರ ಜೊತೆ ಊರಿನವರ ಬೈಕುಗಳೂ ಇದ್ದವು. ತನ್ನದನ್ನೂ ಏರಿಸಿದಳು. ಬೆಲ್ಟ್ ಬಿಗಿಯುವಾಗ, ಮುಂದಿನ ಚಕ್ರ ಹಿಡಿದು ಕಲ್ಲಿನ ಏಟು ನುಂಗುವ ಗಾಳಿ ತುಂಬಿದ ಫೋರ್ಕುಗಳು ಸಾಲಾಗಿ ಅವಳ ಕಣ್ಣೆದುರಿಗೇ ಬಂದವು.

ಫೋರ್ಕಿನ ಕಾಲಿಗೆ ತೆಳ್ಳಗಿನ ರಬ್ಬರ್ ಉಂಗುರವೊಂದು ಇರುತ್ತದೆ. ಫೋರ್ಕು ಕುಸಿದಾಗ ಅದು ಮೇಲಕ್ಕೆ ಜರುಗಿ ಅಲ್ಲೇ ನಿಲ್ಲುತ್ತದೆ. ಹಿಂದಿನ ಸವಾರಿಯಲ್ಲಿ ಫೋರ್ಕು ಎಷ್ಟು ಆಳಕ್ಕೆ ಇಳಿದಿತ್ತೆಂದು ಅದನ್ನು ನೋಡಿ ಹೇಳಬಹುದು. ಪರಊರಿನವರ ಬೈಕುಗಳಲ್ಲಿ ಉಂಗುರ ಮೇಲಕ್ಕೆ, ಕುತ್ತಿಗೆಯ ಹತ್ತಿರಕ್ಕೆ ಹೋಗಿತ್ತು. ನಜಾರಿಯೊನ ಬೈಕಿನಲ್ಲಿ ಅರ್ಧಕ್ಕೇ ನಿಂತಿತ್ತು. ಔಷಧಿ ಅಂಗಡಿಯವಳದೂ ಅರ್ಧಕ್ಕೆ. ಅಂಚೆಯವನದೂ ಅಷ್ಟೇ. ಅವಳದೂ.

ಡೆಲ್ಫೀನಾ ಬೆಲ್ಟ್ ಕೈಬಿಟ್ಟಳು.

"ನಜಾರಿಯೊ, ನಿನ್ನ ಬೈಕಿಗೆ ಗಾಳಿ ಹೊಡೆದಿದ್ದು ಯಾರು?"

"ಇನ್ಯಾರು? ನಿಮ್ಮಣ್ಣ."

"ಗಾಳಿ ಅಳೆಯೋವಾಗ ಬೈಕ್ ಮೇಲೆ ಕೂತಿದ್ದು ಯಾರು?"

"ಅವನೇ ಕೂತಿದ್ದ. ನಾನು ಹೊರಗಡೆ ಕಾಫಿ ಕುಡೀತಿದ್ದೆ." ಅವನು ತನ್ನ ಎರಡೂ ಮುಂಗೈ ತೋರಿಸಿದ. ಎರಡಕ್ಕೂ ಬಟ್ಟೆಯ ಪಟ್ಟಿ ಸುತ್ತಿತ್ತು. "ಇದನ್ನ ನೋಡು. ಆಲಿವ್ ಕಾಯಿ ಉದುರಿಸೋಕೆ ಮರ ಬಡಿದು ಬಡಿದು ನೋವು ಅನ್ಕೊಂಡಿದ್ದೆ. ಡಾಕ್ಟ್ರು ವಯಸ್ಸು ಅಂದ್ರು. ನಿಮ್ಮಣ್ಣ ಕಲ್ಲು ಅಂದ. ಯಾಕೆ?"

ಅವಳು ನಗಲು ಶುರು ಮಾಡಿದವಳು ಗಾಡಿಯ ಕಂಬಿ ಹಿಡಿದು ಕುಕ್ಕರಿಸಿಬಿಟ್ಟಳು. ಗಾಳಿಯನ್ನು ಓಡಿಸುವವರ ತೂಕಕ್ಕೆ ಹೊಂದಿಸಬೇಕು, ಆಂಪೇಲಿಯೊ ಕ್ವಿಂಟಾಲಿಗೆ ನಾಲ್ಕೇ ಕಿಲೊ ಕಮ್ಮಿಯ ಆಳು. ನಜಾರಿಯೊ ಒಣಗಿದ ದ್ರಾಕ್ಷಿ ಬಳ್ಳಿ. ತಾನು ಅಣ್ಣನ ಅರ್ಧಕ್ಕಿಂತ ತುಸು ಹೆಚ್ಚು. ಊರಿನ ಬೈಕುಗಳೆಲ್ಲ ಇಷ್ಟು ವರ್ಷ ಒಬ್ಬನೇ ಮನುಷ್ಯನ ಕುಂಡಿಗೆ ಹೊಂದಿಸಿದ ಬೈಕುಗಳು! ಊರಿಗೆ ಊರೇ ಕಲ್ಲನ್ನು ಬೈಯುತ್ತ, ಮುಂಗೈಗೆ ಮುಲಾಮು ಹಚ್ಚಿಕೊಳ್ಳುತ್ತ ಕೂತಿತ್ತು.

"ನಜಾರಿಯೊ, ಇವತ್ತು ನೀನು ಇಳಿಯೋದು ಬೇಡ. ಮೇಲೆ ನನಗೆ ಸ್ವಲ್ಪ ಕೆಲಸ ಇದೆ. ಆಮೇಲೆ ವ್ಯಾನು ನೀನೇ ಕೆಳಗೆ ತಗೊಂಬಾ."

"ಶನಿವಾರ ಒಂದಿನ ಸಿಗುತ್ತೆ. ಅದರಲ್ಲೂ ಡ್ರೈವರ್ ಮಾಡ್ತೀಯಲ್ಲೇ ಮಾರಾಯ್ತಿ!" ಎಂದು ಗೊಣಗುತ್ತಲೇ ಅವನು ಮುಂದಿನ ಸೀಟಿನಲ್ಲಿ ಕೂತ.

ನೆತ್ತಿಯ ಮೇಲೆ ಉಳಿದವರೆಲ್ಲ ಇಳಿದುಹೋದ ಮೇಲೆ ಡೆಲ್ಫೀನಾ ಮೊಣಕಾಲಿಗೆ ಕವಚ ಕಟ್ಟಿಕೊಂಡಳು, ಹೆಲ್ಮೆಟ್ ಹಾಕಿಕೊಂಡಳು, ನೀರು ತುಂಬಿದ ಚೀಲ ಬೆನ್ನಿಗೇರಿಸಿದಳು. ಸವಾರಿಗೆ ಹೊರಡುವಾಗ ಮೈಮೇಲೆ ಏನಿರುತ್ತದೋ ಅದೆಲ್ಲ ಲೆಕ್ಕಕ್ಕೆ ಬರಬೇಕು. ನಜಾರಿಯೊ ಮುಂದಿನ ಚಕ್ರವನ್ನು ತೊಡೆಗಳ ನಡುವೆ ಸಿಕ್ಕಿಸಿ ಹಿಡಿದ. ಅವಳು ಪೆಡಲ್‌ಗಳ ಮೇಲೆ ನಿಂತು ಇಳಿಜಾರಿನಲ್ಲಿ ಬಾಗುವ ಹಾಗೆ ಬಾಗಿದಳು.

"ಹಿಂದಿನ ಶಾಕಲ್ಲಿ ಉಂಗುರ ಎಲ್ಲಿದೆ ನೋಡು."

"ಇದ್ದಲ್ಲೇ ಇದೆ. ನೀನು ಹತ್ತಿದ್ದು ಬೈಕಿಗೆ ಗೊತ್ತೇ ಆಗಿಲ್ಲ."

ಪಂಪು ಸಿಕ್ಕಿಸಿ ಗಾಳಿ ಬಿಟ್ಟಳು. ಬೈಸಿಕೊಂಡ ಬೆಕ್ಕಿನಂತೆ ಶಾಕು ಬುಸುಗುಟ್ಟಿತು. ಮತ್ತೆ ನಿಂತಳು, ಮತ್ತೆ ಬಿಟ್ಟಳು. ತನ್ನ ಭಾರಕ್ಕೆ ಹಿಂದಿನ ಶಾಕು ಮೂರರಲ್ಲಿ ಒಂದು ಪಾಲಿಗಿಂತ ತುಸು ಕಡಿಮೆ ಕುಸಿಯುವಂತೆ, ಮುಂದಿನ ಫೋರ್ಕು ಐದರಲ್ಲಿ ಒಂದು ಪಾಲು ಕುಸಿಯುವಂತೆ ತಂದು ನಿಲ್ಲಿಸಿದಳು. ಗಾಳಿ ಇಳಿದ ಮೇಲೆ ಬೈಕು ಮೇಲೇಳುವ ಚುರುಕೂ ಇಳಿಯುತ್ತದೆ. ಅದನ್ನು ಹೊಂದಿಸಲು ಒಂದು ಕೆಂಪು ತಿರುಗುಣಿ, ಅದರ ಒಂದು ಕಡೆ ಆಮೆಯ ಚಿತ್ರ, ಇನ್ನೊಂದು ಕಡೆ ಮೊಲದ್ದು. ಆಂಪೇಲಿಯೊ ಎಲ್ಲವನ್ನೂ ಆಮೆಯ ಕಡೆಗೇ ತಿರುಗಿಸಿಟ್ಟಿದ್ದ. ಅವಳು ಕಟಕ್ ಕಟಕ್ ಎಂದು ಮೊಲದ ಕಡೆಗೆ ತಿರುಗಿಸಿದಳು. ಟೈರುಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಮುಂದಿನದನ್ನು ಸ್ವಲ್ಪ ಮೆತ್ತಗೆ ಮಾಡಿ, ಕಲ್ಲಿನ ಏಟು ತಿನ್ನುವ ಹಿಂದಿನದನ್ನು ಬಿಗಿಯಾಗಿಯೇ ಬಿಟ್ಟಳು.

"ನಂದಕ್ಕೂ ಹಂಗೇ ಮಾಡೇ," ಎಂದ ನಜಾರಿಯೊ, ಮಗುವಿನ ದನಿಯಲ್ಲಿ.

ಅವನದಕ್ಕೂ ಮಾಡಿದಳು. ಆಮೇಲೆ ಹೇಸರಗತ್ತೆ ದಾರಿಗೆ ಇಳಿದಳು. ಮೊದಲ ಎತ್ತರದ ಮೆಟ್ಟಿಲಿನಲ್ಲೇ ಹಿಂಬದಿ ಢಬ್ ಎಂದು ತಳ ಬಡಿಯಿತು. ಖುಷಿಯಲ್ಲಿ ಗಾಳಿ ಜಾಸ್ತಿಯೇ ಬಿಟ್ಟಿದ್ದಳು. "ಥೂ, ಅಣ್ಣ ಹೇಳಿದ್ದರಲ್ಲಿ ಇಷ್ಟು ಮಾತ್ರ ನಿಜ," ಎಂದುಕೊಂಡು ಅಲ್ಲೇ ಕೂತು ನಾಲ್ಕು ಪಂಪು ಹೊಡೆದಳು. ಆಮೇಲೆ ಬೈಕಿನಿಂದ ಬಡಿತ ಕೇಳಲಿಲ್ಲ. ಚಕ್ರ ಮೆಟ್ಟಿಲನ್ನು ಮುಟ್ಟಿತು, ಮುಳುಗಿತು, ಎದ್ದಿತು, ಮುಂದಿನದನ್ನು ಮುಟ್ಟಿತು. ಹೋದ ಸಲ ಬಿದ್ದಿದ್ದ ಮುಳ್ಳಿನ ಪೊದೆ ಪಕ್ಕಕ್ಕೆ ಸರಿದುಹೋದದ್ದು ಅವಳಿಗೆ ಗೊತ್ತಾಗಿದ್ದು ಅದನ್ನು ದಾಟಿದ ಮೇಲೆ.

ಪರೀಕ್ಷಕಿ ಎಡ್ವಿಜೆ ಉತ್ತರದ ಹಿಮಬೆಟ್ಟಗಳ ಕಡೆಯವಳು, ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. ಮರುದಿನ ಬೆಳಿಗ್ಗೆ ಏರಿನ ಬುಡದಲ್ಲೇ ತಿರುಗಿ ನೋಡಿ ಹೇಳಿದಳು:

"ಬೈಕು ತೊಟ್ಟಿಲ ಥರ ತೂಗ್ತಿದೆಯಲ್ಲ. ಹೀಗೇ ಹತ್ತೀರಾ?"

"ಇಲ್ಲ," ಎಂದು ಡೆಲ್ಫೀನಾ ಶಾಕು ಕುಸಿಯದಂತೆ ತಡೆಯುವ ಚಿಕ್ಕ ಕೀಲನ್ನು ಒತ್ತಿದಳು. ತೂಗಾಟ ನಿಂತಿತು. ತುಳಿದ ಶಕ್ತಿಯೆಲ್ಲ ಚಕ್ರಕ್ಕೇ ಹೋಯಿತು. ನೆತ್ತಿ ತಲುಪಿದ ಮೇಲೆ ಕೀಲು ಸಡಿಲಿಸಿ ಸೀಟು ಕೆಳಗಿಳಿಸಿದಳು. ಎಡ್ವಿಜೆ ಅದನ್ನು ನೋಡಿದಳು. ತಾನು ಮೊದಲು ಇಳಿದು ಮೆಟ್ಟಿಲುಗಳ ಬುಡದಲ್ಲಿ ಕಾದು ನಿಂತಳು.

ಡೆಲ್ಫೀನಾಳ ಕಣ್ಣು ಪೊದೆಯ ಕಡೆಗೇ ಎಳೆಯುತ್ತಿತ್ತು. ಅದನ್ನು ಗದರಿಸಿ ಕೊನೆಯ ಮೆಟ್ಟಿಲಿನತ್ತ ನೆಟ್ಟಳು, ಬ್ರೇಕು ಸಡಿಲಿಸಿದಳು. ಕೆಳಗೆ ಬಂದು ಕಾಲೂರಿದಾಗ ಎಡ್ವಿಜೆ ಅಂದಳು:

"ಹೋದ ಸಲ ನಿಮಗೆ ಸವಾರಿ ಬರಲ್ಲ ಅನ್ಕೊಂಡಿದ್ದೆ. ಈಗ ಗೊತ್ತಾಯ್ತು, ಆಗ ಬೈಕೇ ನಿಮ್ಮ ಮೇಲೆ ಸವಾರಿ ಮಾಡ್ತಿತ್ತು. ಆಯ್ತು, ಪಾಸು. ಮಧ್ಯಾಹ್ನ ಚರ್ಚಿನ ಚೌಕದಲ್ಲಿ ಬೈಕಲ್ಲಿ ಬೆಟ್ಟ ಸುತ್ತೋಕೆ ಬಂದ ಆರು ಜನ ಹೆಂಗಸರು ಕಾಯ್ತಿರ್ತಾರೆ. ಕರ್ಕೊಂಡು ಹೋಗ್ತೀರಾ?"

"ಕೇಳಬೇಕಾ!" ಎಂದಳು ಡೆಲ್ಫೀನಾ.

ಅಂಗಡಿಗೆ ಬಂದಾಗ ಸುದ್ದಿ ಅವಳಿಗಿಂತ ಮೊದಲೇ ತಲುಪಿತ್ತು. ಆಂಪೇಲಿಯೊ ಕಡಲೆಹಿಟ್ಟಿನ ಬಿಸಿ ರೊಟ್ಟಿ ತರಿಸಿ ಎಲ್ಲರಿಗೂ ಮುರಿದು ಹಂಚುತ್ತಿದ್ದ.

"ಬಂದ್ಲು ನೋಡಿ! ಯಾರು ಜೋಡಿಸಿದ ಬೈಕು? ಹೇಳು, ನಾಲ್ಕು ಜನ ಕೇಳಲಿ."

"ಜೋಡಿಸಿದ್ದು ನೀನೇ ಅಣ್ಣ. ಗಾಳಿ ಮಾತ್ರ ಬೆಟ್ಟದ ಮೇಲೆ ಬಿಟ್ಟು ಬಂದೆ."

"ನಂದೂ," ಎಂದ ನಜಾರಿಯೊ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು. ಬೆಳಿಗ್ಗೆ ಆಗಲೇ ಒಂದು ಸಲ ಬೆಟ್ಟ ಇಳಿದು ಬಂದಿದ್ದ ಅವನ ಮುಂಗೈಗಳಲ್ಲಿ ಪಟ್ಟಿ ಇರಲಿಲ್ಲ.

ಔಷಧಿ ಅಂಗಡಿಯವಳು ಮೆಲ್ಲಗೆ ತನ್ನ ಬೈಕಿನ ಫೋರ್ಕಿನ ಕಡೆ ಬಗ್ಗಿ ನೋಡಿದಳು. ಆಂಪೇಲಿಯೊ ಕೆಂಡಾಮಂಡಲವಾದ.

"ನನಗೇ ಪಾಠ ಹೇಳ್ತೀಯಾ? ಇಪ್ಪತ್ತು ವರ್ಷದಿಂದ ಕೂತು ನೋಡಿ ಗಾಳಿ ಹಾಕಿದೀನಿ ನಾನು!"

"ಅದೇ ಕಣೋ, ನೀನು ಕೂತು! ಓಡಿಸೋಳು ನಾನು, ಕೂರೋನು ನೀನು. ನಿಜ ಹೇಳು, ನಾನು ಗೈಡ್ ಆದ್ರೆ ವ್ಯಾನ್ ಓಡಿಸೋರಿಲ್ಲ ಅಂತ ಬೇಕಂತಲೇ ಮಾಡಿದ್ಯಾ?"

ಆಂಪೇಲಿಯೊನ ಕೈಯಿಂದ ರೊಟ್ಟಿ ಜಾರಿತು. "ತಂಗೀನ ಬೀಳಿಸೋ ಜಾತಿಯವನಲ್ಲ ನಾನು," ಎಂದ. ದನಿ ತಗ್ಗಿತ್ತು. "ನಂಗೆ... ಹೊಳೀಲೇ ಇಲ್ಲ ಮಾರಾಯ್ತಿ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಡೆಲ್ಫೀನಾಳಿಗೆ ನಾಟಿದ್ದೂ ಅದೇ. ಬೇಕೆಂದೇ ಮಾಡಿದ್ದರೆ ಬೈದು ಮುಗಿಸಬಹುದಿತ್ತು. ಆ ಬೈಕಿನ ಮೇಲೆ ಕೂರುವವಳು ಇನ್ನೊಬ್ಬಳು, ಅವಳಿಗೂ ಒಂದು ತೂಕವಿದೆ ಎನ್ನುವುದು ಇಷ್ಟು ವರ್ಷಗಳಲ್ಲಿ ಅವನಿಗೆ ಹೊಳೆದೇ ಇರಲಿಲ್ಲ.

ಆಂಪೇಲಿಯೊ ಕೈ ಒರೆಸಿಕೊಂಡ. ಅವನ ಕೋಪ ಬಂದಷ್ಟೇ ಬೇಗ ಹೋಗುತ್ತದೆ. "ಆಯ್ತು ಬಿಡು, ಪಾಸಾಯ್ತಲ್ಲ. ರೊಟ್ಟಿ ತಿನ್ನು. ಜರ್ಮನ್ನರು ಎಂಟು ಜನ ವ್ಯಾನಲ್ಲಿ ಕೂತಾಗಿದೆ, ಬೇಗ ಮೇಲೆ ಬಿಟ್ಟು ಬಾ."

ಡೆಲ್ಫೀನಾ ಅವನ ಮುಖ ನೋಡಿದಳು. ಅಲ್ಲಿ ಮೋಸವಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಹೊಟ್ಟೆ ತುಂಬಿದ ಮನುಷ್ಯನ ನೆಮ್ಮದಿ ಇತ್ತು, ಅಷ್ಟೇ. ಅವಳು ದೊಡ್ಡದೊಂದು ರೊಟ್ಟಿ ತುಂಡು ಮುರಿದುಕೊಂಡು ಬೈಕು ತಳ್ಳಿಕೊಂಡು ಹೊರಟಳು.

"ಎಲ್ಲಿಗೆ? ವ್ಯಾನು ಆ ಕಡೆ ಇದೆ!"

"ಗೊತ್ತು."

"ಡೆಲ್ಫೀನಾ! ಜನ ಕಾಯ್ತಿದಾರೆ ಕಣೇ!"

"ನನಗೂ ಕಾಯ್ತಿದಾರೆ."

ವ್ಯಾನಿನಿಂದ ಯಾರೋ ಹಾರ್ನ್ ಒತ್ತಿದರು. ಅವಳು ಬೈಕ್ ಹತ್ತಿ, ರೊಟ್ಟಿಯನ್ನು ಬಾಯಲ್ಲಿ ಕಚ್ಚಿಕೊಂಡು ಚರ್ಚಿನ ಚೌಕದ ಕಡೆಗೆ ತಿರುಗಿದಳು. ಹಾರ್ನ್ ಇನ್ನೆರಡು ಸಲ ಕೇಳಿತು. ಆಂಪೇಲಿಯೊ ಬಾಗಿಲಲ್ಲಿ ನಿಂತು, ಈಗ ಬಂದಾಳು, ಇನ್ನೇನು ಬಂದಾಳು ಎಂದು ಬೀದಿ ನೋಡಿದ. ಅವಳು ಬರಲಿಲ್ಲ.